ಸಂಜೆ ಐದೂವರೆಯ ಫೋನು

"ಇಂಥಾ ಕೂಸು ಹುಟ್ಟಿ ಏನ್ ಮಾಡೂದೈತ್ರಿ ಬಾಯಾರ? ಆ ಮಾರಿ ತಗೊಂಡು ಹ್ಯಾಂಗ ಬದುಕಬೇಕದು? ನಾಳೆ ಯಾರ್ ಲಗ್ನಾ ಆಗ್ತಾರ ಅದನ್ನ?"

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲೇ ನಿಂತು ಆ ಯುವಕ ಕೂಗಾಡುತ್ತಿದ್ದ. ಹೊರಗೆ ಬೆಂಚಿನ ಮೇಲೆ ಸರದಿಗಾಗಿ ಕುಳಿತಿದ್ದ ಬಸುರಿಯರೆಲ್ಲ ಮಾತು ನಿಲ್ಲಿಸಿ ಅವನತ್ತಲೇ ನೋಡತೊಡಗಿದರು.

ಕೌಂಟರಿನ ಹಿಂದೆ ಹೆಸರು ಬರೆದುಕೊಳ್ಳುತ್ತಿದ್ದ ಆರತಿಯ ಪೆನ್ನು ಹಾಗೆಯೇ ನಿಂತುಬಿಟ್ಟಿತು.

"ಸಮಾಧಾನ ಮಾಡ್ಕೋರಿ," ಎಂದರು ಡಾಕ್ಟರ್ ಸುನಂದಾ. "ನಿಮ್ಮ ತಂಗೀ ಕೂಸಿನ ಎದಿ, ಮೆದುಳು, ಕೈಕಾಲು ಎಲ್ಲಾ ಚಲೋ ಅದಾವ. ಮ್ಯಾಲಿನ ತುಟಿ ಒಂದ್ ಕಡೆ ಕೂಡಿಲ್ಲ, ಅಷ್ಟಽ. ಸೀಳುತುಟಿ ಅಂತಾರ. ಹುಟ್ಟಿದ ಮ್ಯಾಲ ಆಪರೇಷನ್ ಮಾಡಿ ಕೂಡಸ್ತಾರ."

"ಕೂಡಸ್ತಾರ ಖರೆ... ಕಲೆ ಹೋಗ್ತೈತೇನ್ರಿ? ಮಂದಿ ಸುಮ್ನಿರ್ತಾರೇನ್ರಿ?"

ಆರತಿ ಕುರ್ಚಿಯಿಂದ ಎದ್ದಳು. ಯಾಕೆ ಎದ್ದೆನೋ ಅವಳಿಗೇ ತಿಳಿಯಲಿಲ್ಲ. ಗೋಕಾಕದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮಂದಿಯ ಮುಂದೆ ದನಿ ಎತ್ತಿದವಳಲ್ಲ. ಮಾತಾಡುವಾಗೆಲ್ಲ ಬಾಯಿಗೆ ಕರವಸ್ತ್ರ ಹಿಡಿಯುವುದು ಅವಳ ರೂಢಿ.

ಇಂದು ಕರವಸ್ತ್ರ ಕೌಂಟರಿನ ಮೇಲೆಯೇ ಉಳಿಯಿತು.

"ರೀ... ಈ ಕಡೆ ನೋಡ್ರಿ!"

ಅವನು ತಿರುಗಿದ. ಅವಳ ಮೂಗಿನ ಕೆಳಗಿನಿಂದ ಮೇಲ್ದುಟಿಯವರೆಗೆ ಇಳಿದ ಬಿಳಿ ಗೆರೆ, ಒಂದು ಬದಿಗೆ ತುಸು ಚಪ್ಪಟೆಯಾದ ಮೂಗು... ಎಲ್ಲವೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡವು.

"ಸರಿಯಾಗಿ ನೋಡ್ರಿ. ನಾನೂ ಹಂಗಽ ಹುಟ್ಟಿದಾಕಿ. ಬಿ.ಎ. ಓದೀನಿ. ದಿನಾ ಹುಕ್ಕೇರಿಯಿಂದ ಬಸ್ಸಿಗೆ ಬಂದು ದುಡೀತೀನಿ. ಇಪ್ಪತ್ನಾಕು ವರ್ಷ ಆತು. ಹ್ಯಾಂಗ ಬದುಕಬೇಕು ಅಂತ ಕೇಳಿದ್ರೆಲ್ಲಾ... ಹಿಂಗ ಬದುಕಬೇಕು!"

ಅವಳ ಮಾತು ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಸಿಟ್ಟಿನಲ್ಲಿ ಇನ್ನೂ ಹೆಚ್ಚಾಗಿತ್ತು. ಮುಗಿಸುವಷ್ಟರಲ್ಲಿ ಕಣ್ಣು ತುಂಬಿ ಬಂದವು.

ಆ ಯುವಕನ ಮುಖ ಬಿಳಚಿಕೊಂಡಿತು. ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಒಳಗಿನಿಂದ ಅವನ ತಂಗಿ ಸೋನಾಲಿ ಸೀರೆ ಸರಿಪಡಿಸಿಕೊಳ್ಳುತ್ತ ಹೊರಬಂದಳು. ಐದು ತಿಂಗಳ ಬಸುರಿ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ನೇರವಾಗಿ ಆರತಿಯ ಎದುರು ಬಂದು, ಅವಳ ತುಟಿಯನ್ನೇ ಬಹಳ ಹೊತ್ತು ನೋಡಿದಳು.

"ಅಕ್ಕಾ... ಅಲ್ಲೆ ನೋವಾಗ್ತೈತೇನ್ರಿ ನಿಮಗ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು! ಆರತಿಯ ಸಿಟ್ಟೆಲ್ಲ ಒಮ್ಮೆಲೇ ಇಳಿದುಹೋಯಿತು.

"ಇಲ್ಲವಾ. ಎಂದೋ ಮಾಯ್ದೇತಿ."

ಅಣ್ಣ-ತಂಗಿ ಹೊರಟುಹೋದ ಮೇಲೆ ಆರತಿ ಫಾರಂ ನೋಡಿದಳು. ಜೊತೆಗೆ ಬಂದವರು: ಗೊಮ್ಮಟೇಶ, ಅಣ್ಣ, ಮೂಡಲಗಿ.

'ಗೊಮ್ಮಟೇಶ ಅಂತ ಹೆಸರು! ಮನಸು ಮಾತ್ರ ಎಷ್ಟ ಸಣ್ಣದು!' ಎಂದುಕೊಂಡು ಫಾರಂ ಫೈಲಿಗೆ ಸೇರಿಸಿದಳು.

*

ಎರಡು ದಿನ ಕಳೆದ ಮೇಲೆ ಅವನು ಮತ್ತೆ ಬಂದ. ಒಬ್ಬನೇ. ಅಂಗಿಯ ತೋಳಿಗೆ ವಾರ್ನಿಶ್ ಕಲೆ. ಮೂಡಲಗಿಯ ಪೇಟೆಯಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಕಬ್ಬಿನ ಹೊಲಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳೆಲ್ಲ ಅವನ ಬಳಿಗೇ ಬರುತ್ತಿದ್ದವು.

"ಡಾಕ್ಟರ್ ಇಲ್ರಿ, ನಾಕಕ್ಕ ಬರ್ತಾರ," ಎಂದಳು ಆರತಿ, ತಲೆಯೆತ್ತದೆ.

"ನಿಮ್ಮನ್ನಽ ಕಾಣಾಕ ಬಂದೇನ್ರಿ."

ಆರತಿ ಈಗ ತಲೆಯೆತ್ತಿದಳು.

"ಸೋನಾಲಿಯ ಅತ್ತಿ... ಕೂಸು ತೆಗಸೂ ಮಾತಾಡಾಕತ್ತಾರ್ರಿ. ನಿಮ್ಮ ಡಾಕ್ಟರ್ ಬ್ಯಾಡ ಅಂದ್ರೂ ಬ್ಯಾರೆ ಕಡೆ ಕೇಳ್ಕೊಂಡ್ ಬಂದಾರಂತ. ಸೋನಾಲಿ ಎರಡು ದಿನದಿಂದ ಊಟಾ ಬಿಟ್ಟಾಳ. ನೀವು ಒಂದ್ ಸಲ ಕಣಗಲಾಕ್ಕ, ಆಕಿ ಗಂಡನ ಮನಿಗೆ ಬಂದು... ಅವರ ಮುಂದ... ಅಂದ್ರ, ಅವರು ನಿಮ್ಮನ್ನ ನೋಡಿದ್ರಂದ್ರ..."

"ನನ್ನ ಮಾರಿ ತೋರಿಸಬೇಕೇನ್ರಿ? ನಿಮ್ಮ ಅಂಗಡ್ಯಾಗಿನ ಸ್ಯಾಂಪಲ್ಲೇನ್ರಿ ಇದು?"

ಗೊಮ್ಮಟೇಶ ಮೆಲ್ಲಗೆ, "ತಪ್ಪಾತ್ರಿ. ಮೊನ್ನೆ ಅಂದದ್ದೂ ತಪ್ಪು, ಇವತ್ತ ಕೇಳಿದ್ದೂ ತಪ್ಪು," ಎಂದು ಹೊರಟ.

ಅವನು ಮೆಟ್ಟಿಲಿಳಿದು ಬೈಕಿನ ಹತ್ತಿರ ಹೋಗುವವರೆಗೂ ಆರತಿ ನೋಡಿದಳು. ಆ ಬಸುರಿ ಹುಡುಗಿಯ ದನಿ ಕಿವಿಯಲ್ಲಿ ಕೇಳಿಸಿತು. ನೋವಾಗ್ತೈತೇನ್ರಿ ನಿಮಗ?

"ರೀ! ಯಾವತ್ತ ಕರ್ಕೊಂಡ್ ಹೋಗ್ತಾರಂತ?" ಬಾಗಿಲಿಗೆ ಬಂದು ಕೂಗಿದಳು.

"ಸೋಮವಾರ ಅಂದಾರ್ರಿ."

"ಹಂಗಾರ ಐತವಾರ ಬರ್ತೀನಿ. ಅಪ್ಪನ ಕೂಡ ಬರ್ತೀನಿ. ನಿಮ್ಮ ಸಲುವಾಗಿ ಅಲ್ಲ... ಆ ಹುಡುಗಿ ಸಲುವಾಗಿ!"

*

ಭಾನುವಾರ ಆರತಿ ತಂದೆ ಬಾಹುಬಲಿಯ ಜೊತೆ ಹುಕ್ಕೇರಿಯಿಂದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕರವಸ್ತ್ರ ಹಿಂಡುತ್ತ ಕುಳಿತಿದ್ದಳು.

'ಮೂರ್ ಸಲ ಗಂಡಿನ ಕಡ್ಯಾವ್ರು ಬಂದು ನೋಡಿ ಹ್ವಾದ್ರು. ಇದು ನಾಕನೇದ್ದು. ಈ ಸಲ ನೋಡಾವ್ರು ಬಸುರಿ ಹೆಣ್ಣಿನ ಅತ್ತಿ!'

ಕಣಗಲಾದ ಆ ಮನೆಯ ಪಡಸಾಲೆಯಲ್ಲಿ ಸೋನಾಲಿಯ ಅತ್ತೆ ಪದ್ಮವ್ವ ಚಾಪೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಮಗ ಜಿನದತ್ತ. ಬಾಗಿಲ ಮರೆಯಲ್ಲಿ ಸೋನಾಲಿ. ಗೊಮ್ಮಟೇಶ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ.

ಪದ್ಮವ್ವ ಮುಚ್ಚುಮರೆ ಮಾಡುವ ಹೆಂಗಸಲ್ಲ. ಆರತಿಯನ್ನು ಎದುರಿಗೇ ಕೂರಿಸಿಕೊಂಡಳು. ನೀರು ಕೊಟ್ಟು, ಅವಳು ಕುಡಿಯುವುದನ್ನೇ ನೋಡಿದಳು. ಅವಲಕ್ಕಿ ಕೊಟ್ಟು, ಅಗಿಯುವುದನ್ನೂ ನೋಡಿದಳು.

"ಮೂಗಿನ್ಯಾಗ ಬರಂಗಿಲ್ಲೇನವಾ?"

"ಸಣ್ಣಾಕಿ ಇದ್ದಾಗ ಬರ್ತಿತ್ರಿ. ಆಪರೇಷನ್ ಆದ ಮ್ಯಾಲ ಇಲ್ರಿ."

"ಎಲ್ಲಿ ಮಾಡ್ಸಿದ್ರಿ?"

"ಮಿರಜದಾಗ," ಎಂದರು ಬಾಹುಬಲಿ. "ಆಗ ನಮಗ ಯಾರೂ ಹೇಳಾವ್ರಿರಲಿಲ್ರಿ. ಹುಟ್ಟಿದ ಕೂಸಿನ ಮಾರಿ ನೋಡಿದಾಗಽ ಗೊತ್ತಾದದ್ದು. ಬಾಯಿ ಒಳಗಿನ ಅಂಗುಳದ ಆಪರೇಷನ್ನಿಗೆ ಈಕಿಗೆ ಏಳು ವರ್ಷ ಆಗಿತ್ತು, ತಡಾ ಆತು. ಅದಕ್ಕಽ ಮಾತು ಹಿಂಗ ಉಳೀತು. ನಿಮಗ ನಾಕ್ ತಿಂಗಳು ಮೊದಲಽ ಗೊತ್ತಾಗೇತಿ ಪದ್ಮವ್ವಾರ. ನಿಮ್ದು ಪುಣ್ಯಾ ಅನ್ರಿ."

ಪದ್ಮವ್ವ ತಲೆಯಾಡಿಸಿದಳು. ಆಮೇಲೆ ಕೇಳಿದಳು.

"ಲಗ್ನಾ ಆಗೇತೇನವಾ?"

ಬಾಹುಬಲಿ ಮಗಳತ್ತ ನೋಡಿದರು.

"ಇಲ್ರಿ."

"ನೋಡು ಮತ್ತ!" ಪದ್ಮವ್ವ ಮಗನತ್ತ ತಿರುಗಿದಳು. "ಇದಽ ನಾ ಅಂದದ್ದು..."

"ಅವ್ವಾರ," ಆರತಿಯ ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ನನ್ನ ಲಗ್ನಾ ಆಗಿಲ್ಲ ಖರೆ. ಆದ್ರ ನಾ ಮನಿಗೆ ಹೋಗೂದು ತಡಾ ಆದ್ರ ನಮ್ಮವ್ವ ಓಣಿ ತುದೀತನಾ ಬಂದು ನಿಂದರ್ತಾಳ. ಈ ಮಾರಿ ಬಸ್ಸಿಂದ ಇಳಿದದ್ದು ಕಂಡ್ರಽ ಆಕಿಗೆ ಊಟಾ ಸೇರ್ತೈತಿ. ಯಾಕ ಹಡದೆ ಅಂತ ಆಕಿ ಒಂದ್ ದಿನಾನೂ ಅಂದಿಲ್ರಿ. ನನಗೂ ಯಾಕ ಹುಟ್ಟಿದೆ ಅಂತ ಎಂದೂ ಅನಿಸಿಲ್ಲ. ಲಗ್ನಾ ಆಗಲಿಲ್ಲಂದ್ರ ಬದುಕಽ ಬ್ಯಾಡೇನ್ರಿ?"

ಬಾಗಿಲ ಮರೆಯಲ್ಲಿ ಬಿಕ್ಕುವ ಸದ್ದು ಕೇಳಿಸಿತು.

ಅಲ್ಲಿಯವರೆಗೂ ಒಂದು ಮಾತೂ ಆಡದಿದ್ದ ಜಿನದತ್ತ ಎದ್ದು ನಿಂತ.

"ಸಾಕು ಬಿಡವ್ವಾ. ಕೂಸು ಇರಲಿ. ನಂದದು."

ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಸೋನಾಲಿ, ಇನ್ನಷ್ಟು ಅವಲಕ್ಕಿ ತಗೊಂಡ್ ಬಾ. ಈ ಹುಡುಗಿ ಏನೂ ತಿಂದಿಲ್ಲ. ನೀನೂ ತಿನ್ನು ಬಾ," ಎಂದಳು.

ಸೋನಾಲಿ ಓಡಿಬಂದು ಆರತಿಯ ಕೈ ಹಿಡಿದುಕೊಂಡಳು. ಇಷ್ಟು ದಿನ ಊಟ ಬಿಟ್ಟಿದ್ದ ಆ ಹುಡುಗಿ ಅಳುತ್ತ, ನಗುತ್ತ ಎರಡು ತಾಟು ಅವಲಕ್ಕಿ ತಿಂದಳು!

ಬಸ್ ಸ್ಟಾಪಿನವರೆಗೆ ಗೊಮ್ಮಟೇಶ ಜೊತೆಗೆ ಬಂದ. ಬಸ್ಸು ಬಂದಾಗ ಮಾತ್ರ ಬಾಯಿ ತೆರೆದ.

"ಆರತಿಯವ್ರ... ಅವತ್ತ ನಾ ಆಡಿದ ಮಾತು ನನಗ ದಿನಾ ಚುಚ್ಚತೈತ್ರಿ."

"ಚುಚ್ಚಲಿ ಬಿಡ್ರಿ, ಸ್ವಲ್ಪ ದಿನ," ಎಂದು ಅವಳು ಬಸ್ಸು ಹತ್ತಿದಳು. ಹತ್ತಿದ ಮೇಲೆ ಯಾಕೋ ನಗು ಬಂತು.

*

ಮೊದಲ ಹೆರಿಗೆ ತವರಿನಲ್ಲಿ. ಜನವರಿಯ ಚಳಿಯಲ್ಲಿ ಸೋನಾಲಿಗೆ ಹೆಣ್ಣು ಮಗುವಾಯಿತು. ತುಟಿಯ ಸೀಳು ಮೊದಲೇ ಗೊತ್ತಿತ್ತು. ಆದರೆ ಬಾಯೊಳಗಿನ ಅಂಗುಳವೂ ಹಿಂದೆ ತುಸು ಸೀಳಿತ್ತು. ಸ್ಕ್ಯಾನಿನಲ್ಲಿ ಅದು ಕಂಡಿರಲಿಲ್ಲ. ಮಗು ಎದೆಗೆ ಬಾಯಿ ಹಚ್ಚುತ್ತಿತ್ತು, ಚೀಪಲು ಬರುತ್ತಿರಲಿಲ್ಲ. ಅತ್ತು ಸುಸ್ತಾಗಿ ಮಲಗುತ್ತಿತ್ತು.

ಮೂರನೇ ದಿನ ಸ್ಕ್ಯಾನಿಂಗ್ ಸೆಂಟರಿನ ಫೋನು ರಿಂಗಣಿಸಿತು.

ಫೋನೆಂದರೆ ಆರತಿಗೆ ಜೀವ ಬಾಯಿಗೆ ಬರುತ್ತಿತ್ತು. 'ನೆಗಡಿ ಆಗೇತೇನ್ರಿ?' ಎಂದು ಕೇಳದವರೇ ಇಲ್ಲ. ಅಂಜುತ್ತಲೇ ಎತ್ತಿದಳು.

"ಹಲೋ... ಆರತಿಯವ್ರ? ನಾ ಗೊಮ್ಮಟೇಶ ರಿ. ಕೂಸು ಹಾಲು ಕುಡಿವಲ್ದು... ದವಾಖಾನ್ಯಾಗ ಚಮಚದಲೆ ಹಾಕ್ರಿ ಅಂತಾರ. ಹಾಕಿದ್ರ ಮೂಗಿನ್ಯಾಗ ಬಂದು ಕೆಮ್ಮತೈತ್ರಿ. ಸೋನಾಲಿ ಹೆದರಿ ಕೂಸಿನ್ನ ಮುಟ್ಟವಲ್ಲಳು. ನಮ್ಮವ್ವನ ಕೈ ನಡಗ್ತಾವ. ನಾವು ಏನ್ ಮಾಡೂನ್ರಿ?"

ಆ ದೊಡ್ಡ ಗಂಡಸಿನ ದನಿಯಲ್ಲಿ ಅಳು ಇತ್ತು.

ಆರತಿ ತನ್ನ ದನಿಯ ಚಿಂತೆಯನ್ನೇ ಮರೆತಳು!

"ಮಲಗಿಸಿ ಹಾಕಬ್ಯಾಡ್ರಿ! ನೆಟ್ಟಗ ಕುಂಡ್ರಿಸಿದಂಗ ಹಿಡಕೋರಿ. ಚಮಚಾ ನಾಲಿಗಿ ಮ್ಯಾಲ ಬ್ಯಾಡ, ಗಲ್ಲದ ಬಾಜೂ ಒಳಗ ಹನಿ ಹನಿ ಬಿಡ್ರಿ. ನುಂಗಿದ ಮ್ಯಾಲಽ ಮುಂದಿಂದು. ನಡುವ ಹೆಗಲ ಮ್ಯಾಲ ಹಾಕ್ಕೊಂಡು ತೇಗು ಬರಸ್ರಿ. ನಮ್ಮವ್ವ ನನಗ ಹಿಂಗಽ ಕುಡಿಸಿದ್ಲಂತ. ಅರ್ಧಾ ತಾಸು ಬೇಕು, ತಾಳ್ಮಿ ಬೇಕು. ಐತೇನ್ರಿ ನಿಮಗ?"

"ಒಂದ್ ಮೋಟರಿಗೆ ಕೂದಲಿನಂಥಾ ತಂತಿ ಸಾವಿರ ಸುತ್ತು ಸುತ್ತಾವ ನಾ. ತಾಳ್ಮಿ ಐತ್ರಿ. ಧೈರ್ಯಾ ಇಲ್ಲ."

"ಧೈರ್ಯಾ ಆಮ್ಯಾಲ ಬರ್ತೈತಿ. ಮೊದಲ ಕೂಸಿನ್ನ ಎತ್ತಿಕೋರಿ!"

ಮರುದಿನ ಸಂಜೆ ಐದೂವರೆಗೆ ಮತ್ತೆ ಫೋನು.

"ಕುಡದ್ಲು ರಿ! ಎರಡು ಚಮಚಾ... ಅಲ್ಲ, ಮೂರು! ಸೋನಾಲಿನೂ ಈಗ ಹಿಡಕೊಳ್ಳಾಕತ್ತಾಳ!"

ಅಂದಿನಿಂದ ದಿನವೂ ಐದೂವರೆಗೆ ಆ ಫೋನು ಬರತೊಡಗಿತು. ನಾಲ್ಕೂವರೆ ಕಿಲೋ ದಾಟಿದ ಮೇಲೆಯೇ ಮಗುವಿನ ತುಟಿಯ ಆಪರೇಷನ್ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಹಾಗಾಗಿ ಗೊಮ್ಮಟೇಶ ತೂಕದ ಸುದ್ದಿ ಹೇಳುತ್ತಿದ್ದ. ಇವತ್ತ ಇಪ್ಪತ್ತು ಗ್ರಾಂ ಏರ್ಯಾಳ್ರಿ. ಇವತ್ತ ಮೂವತ್ತು. ಆಮೇಲೆ ಯಾವುದೋ ಮೋಟರಿನ ಸುದ್ದಿ, ಅವಳ ಬಸ್ಸಿನ ಸುದ್ದಿ, ಡಾಕ್ಟರ್ ಸುನಂದಾ ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಹುಡುಕಿದ ಸುದ್ದಿ...

ಐದು ಗಂಟೆಯಾಯಿತೆಂದರೆ ಆರತಿಯ ಕಣ್ಣು ಗಡಿಯಾರದ ಮೇಲೆ.

'ಕೂಸಿನ ತೂಕಾ ತಿಳಕೊಳ್ಳಾಕ ಅಷ್ಟಽ,' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಏಪ್ರಿಲ್ ಕೊನೆಗೆ ಬೆಳಗಾವಿಯಲ್ಲಿ ಮಗುವಿನ ತುಟಿಯ ಆಪರೇಷನ್ ಆಯಿತು.

"ಕೂಡೇತ್ರಿ! ತುಟಿ ಕೂಡೇತಿ!" ಎಂದು ಫೋನಿನಲ್ಲಿ ಗೊಮ್ಮಟೇಶ ಸಣ್ಣ ಹುಡುಗನಂತೆ ಕೂಗಿದ. "ಅಂಗುಳದ್ದು ವರ್ಷ ತುಂಬೂದ್ರಾಗ ಮಾಡ್ತಾರಂತ. ಮಾತು ಚಲೋ ಬರ್ತೈತಿ ಅಂದ್ರು!"

ಆರತಿ ಫೋನಿಟ್ಟು, ಕೌಂಟರಿಗೆ ತಲೆಯಿಟ್ಟು, ಮನಸಾರೆ ಅತ್ತಳು. ಐದು ತಿಂಗಳ ಗರ್ಭದಲ್ಲೇ ಬೇಡವೆನಿಸಿಕೊಂಡಿದ್ದ ಜೀವ ಈಗ ನಗುತ್ತಿತ್ತು. ಎಷ್ಟು ಹಗುರವಾಯಿತು ಮನಸ್ಸು!

ಆದರೆ ಮರುದಿನ ಐದೂವರೆಗೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಎರಡು ವಾರವಾಯಿತು.

'ಕೆಲಸಾ ಮುಗೀತು. ಇನ್ನ ಯಾಕ ಮಾಡ್ಯಾರು?' ಆರತಿ ಮತ್ತೆ ಕರವಸ್ತ್ರ ಕೈಗೆತ್ತಿಕೊಂಡಳು.

ಆ ಭಾನುವಾರ ಪದ್ಮವ್ವ ಹುಕ್ಕೇರಿಯ ಮನೆಗೆ ಬಂದಳು. ಮಡಿಲಲ್ಲಿ ಮೊಮ್ಮಗಳು. ಮಗುವಿನ ತುಟಿಯ ಮೇಲೆ ಎಳೆಯ ಗೆರೆ. ಆರತಿ ಎತ್ತಿಕೊಂಡರೆ ಕೆಳಗಿಳಿಸಲು ಮನಸ್ಸೇ ಬಾರದು.

"ಕೇಳವಾ," ಎಂದಳು ಪದ್ಮವ್ವ. "ನೀ ನಮ್ಮ ಮನಿ ಕೂಸಿನ ಜೀವಾ ಉಳಿಸೀದಿ. ಆ ಉಪಕಾರ ನಾವು ತೀರಿಸಬೇಕಲ್ಲ? ನಮ್ಮ ಗೊಮ್ಮಟೇಶಗ ನಿನ್ನ ತಗೋಬೇಕಂತ ಮಾಡೇವಿ. ಅವನೂ ಹೂಂ ಅಂದಾನ."

ಆರತಿಯ ಮುಖದ ನಗು ಆರಿಹೋಯಿತು.

ಉಪಕಾರ... ತೀರಿಸಬೇಕು... ಹೂಂ ಅಂದಾನ!

'ಯಾರ್ ಲಗ್ನಾ ಆಗ್ತಾರ ಅಂತ ಕೇಳಿದ್ನಲ್ಲ? ಈಗ ಕನಿಕರಾ ಮಾಡಿ ತಾನಽ ಆಗಾಕ ಹೊಂಟಾನ.'

"ಬ್ಯಾಡ್ರಿ ಅವ್ವಾರ. ನನಗ ಈ ಸಂಬಂಧ ಬ್ಯಾಡ." ಮಗುವನ್ನು ಪದ್ಮವ್ವನ ಮಡಿಲಿಗೆ ಕೊಟ್ಟು ಒಳಗೆ ಹೋಗಿಬಿಟ್ಟಳು.

*

ಮರುದಿನ ಸಂಜೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗಾಗಿ ಕಾಯುತ್ತಿದ್ದವಳ ಎದುರು ಒಂದು ಬೈಕು ಬಂದು ನಿಂತಿತು. ಗೊಮ್ಮಟೇಶ! ಮೂಡಲಗಿಯಿಂದ ಒಂದೇ ಉಸಿರಿಗೆ ಬಂದವನಂತೆ ಧೂಳು ಮೆತ್ತಿದ ಮುಖ.

"ಬ್ಯಾಡ ಅಂದ್ರಂತ..."

"ಹೌದ್ರಿ. ಉಪಕಾರಕ್ಕ ಲಗ್ನಾ ಮಾಡ್ಕೊಳ್ಳಾಕಿ ಅಲ್ಲ ನಾ."

"ಉಪಕಾರಾ? ಯಾರ್ ಅಂದ್ರು?"

"ನಿಮ್ಮ ತಂಗೀ ಅತ್ತಿ."

ಗೊಮ್ಮಟೇಶ ಹಣೆ ಬಡಿದುಕೊಂಡ. "ಅಯ್ಯ ದೇವರೇ! ನಾ ಅವರ ಕೈಯಾಗ ಹೇಳಿ ಕಳ್ಸಿದ್ದು ಬ್ಯಾರೇನಽ ರಿ! ನನಗ ಆಕಿ ಬೇಕು, ನೀವಽ ಹೋಗಿ ಕೇಳ್ರಿ ಅಂದಿದ್ದೆ. ನಾನಽ ಬಂದು ಕೇಳಾಕ ಹೆದರಿದೆ. ಮೊದಲನೇ ದಿನ ನಾ ಆಡಿದ ಮಾತು ಕೇಳಿಸ್ಕೊಂಡಾಕಿಗೆ, ಯಾವ ಬಾಯಿಲೆ ಕೇಳ್ಲಿ?"

"ಎರಡು ವಾರ ಫೋನ್ ಮಾಡ್ಲಿಲ್ಲ ನೀವು..."

"ಏನ್ ನೆವಾ ಹೇಳಿ ಮಾಡ್ಲಿ? ಆಪರೇಷನ್ ಮುಗದಿತ್ತು. ತೂಕದ ನೆವಾ ಉಳೀಲಿಲ್ಲ." ಅವನು ತಲೆ ತುರಿಸಿಕೊಂಡ. "ಖರೆ ಹೇಳಬೇಕಂದ್ರ... ಕೂಸು ತೂಗೂ ತಕ್ಕಡಿ ನಮ್ಮ ಮನ್ಯಾಗ ಇಲ್ಲಽ ಇಲ್ರಿ. ನರ್ಸಬಾಯಿ ಶುಕ್ರವಾರಕ್ಕೊಮ್ಮೆ ಬಂದು ತೂಗ್ತಿದ್ಲು."

"ಮತ್ತ ದಿನಾ ಇಪ್ಪತ್ತು ಗ್ರಾಂ, ಮೂವತ್ತು ಗ್ರಾಂ ಅಂತಿದ್ರಿ?"

"ಹಿಂದಿನ ವಾರದ್ದು ಏಳು ಭಾಗ ಮಾಡಿ ಹೇಳ್ತಿದ್ದೆ. ನಿಮ್ಮ ದನಿ ಕೇಳಬೇಕಿತ್ರಿ."

"ಈ ದನಿ? ಮೂಗಿಲೆ ಬರೂ ಈ ದನಿ?"

"ಫೋನಿನ್ಯಾಗ ನಿಮ್ಮ ಮಾರಿ ಕಾಣ್ತಿರಲಿಲ್ಲ. ಉಪಕಾರಾನೂ ನೆನಪಿರಲಿಲ್ಲ. ಬರೇ ದನಿ. ಕೂಸು ಅತ್ತು ಅತ್ತು ಮನ್ಯಾಗ ಎಲ್ಲಾರ್ಗೂ ದಿಕ್ಕು ತಪ್ಪಿದಾಗ ಆ ದನಿ, ಮೊದಲ ಎತ್ತಿಕೋರಿ ಅಂತು. ಅವತ್ತಿಂದ ನನಗ ಬ್ಯಾರೆ ಯಾವ ದನೀನೂ ಬ್ಯಾಡಾತ್ರಿ."

ಬಸ್ಸು ಬಂದು ನಿಂತಿತು. ಮಂದಿ ಹತ್ತತೊಡಗಿದರು. ಆರತಿ ಕದಲಲಿಲ್ಲ.

ಯಾರಿಗೂ ಹೇಳದ ಭಯವೊಂದು ಅವಳೊಳಗಿತ್ತು. ಇಂದು ಅದನ್ನೂ ಹೇಳಿಬಿಟ್ಟಳು.

"ನಾಳೆ... ನಮಗೂ ಹಂಗಽ ಹುಟ್ಟಿದ್ರ? ನನ್ನ ಕಡೀನೂ ಐತಿ, ನಿಮ್ಮ ಮನ್ಯಾಗೂ ಆತು."

"ಡಾಕ್ಟರ್ ಬಾಯಾರ್ನ ಕೇಳೀನಿ. ನೂರಕ್ಕ ತೊಂಬತ್ತರ ಮ್ಯಾಲ ಏನೂ ಆಗೂದಿಲ್ಲ ಅಂದ್ರು. ಆದ್ರ ಆಗಲಿ ಬಿಡ್ರಿ! ಹಾಲು ಕುಡಸಾಕ ನಾ ಕಲ್ತೇನಿ. ಹೆದರಾಕ ಏನೈತ್ರಿ?"

"ಡಾಕ್ಟರ್‌ನ ಕೇಳಿದ್ರ್ಯಾ? ಯಾವಾಗ?"

"ಆತ್ರಿ... ಎರಡು ತಿಂಗಳ ಮ್ಯಾಲ."

"ಎರಡು ತಿಂಗಳ!" ಆರತಿಯ ಕಣ್ಣು ಅರಳಿದವು. "ಅದಕ್ಕಽ ಅವರು ನನ್ನ ನೋಡಿದಾಗೊಮ್ಮೆ ನಗ್ತಿದ್ರು! ನನಗಿಂತ ಮೊದಲ ಅವರಿಗೆ ಗೊತ್ತಾತು ಅನ್ರಿ!"

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ತಡೆಯಲಾಗದ ನಗು. ಕಣ್ಣಲ್ಲಿ ನೀರು, ಬಾಯಿತುಂಬ ನಗು. ಸುತ್ತಲಿನ ಮಂದಿ ನೋಡುತ್ತಿದ್ದರು. ನೋಡಲಿ!

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟೇಹೋಯಿತು.

"ಬಸ್ ಹೋತು..." ಎಂದಳು ಆರತಿ.

"ಇನ್ನೊಂದು ಐತ್ರಿ, ಅರ್ಧಾ ತಾಸಿಗೆ. ಅಲ್ಲೀತನಾ ಚಾ ಕುಡಿಯೂನ್ರಿ?"

"ಕುಡಿಯೂನು. ಆದ್ರ ನೀವು ನನಗ ರೀ ಅನ್ನೂದು ಬಿಡಬೇಕು."

"ನೀವೂ ಬಿಡ್ರಿ ಮತ್ತ."

"ನಾ ಹ್ಯಾಂಗ ಬಿಡ್ಲಿ? ನಮ್ಮವ್ವ ಬಡೀತಾಳ."

ಗೊಮ್ಮಟೇಶ ಒಂದು ಕ್ಷಣ ಅವಳನ್ನೇ ನೋಡಿದ. ಬರೀ ಹೆಸರು ಹಿಡಿದು ಕರೆಯಲು ಎಷ್ಟು ದಿನದಿಂದ ಕಾದಿದ್ದನೋ!

"ಹಂಗಾರ... ನಡಿ, ಆರತಿ."

"ಹೂಂ," ಎಂದಳು ಅವಳು. "ನಡೀರಿ."